ಲಿಪ್, ಡಕ್‌ಟೇಲ್, ವಿಂಗ್: ನಿಮ್ಮ ಸ್ಪೋರ್ಟ್ಸ್ ಕಾರಿನ ಹಿಂದೆ ಯಾವುದಿರಬೇಕು?

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಕಾರು ಬರೀ ರಸ್ತೆಯಲ್ಲೇ ಓಡುವುದಾದರೆ ಸಣ್ಣ ಲಿಪ್ ಸ್ಪಾಯ್ಲರ್, ಅಂದರೆ ಡಿಕ್ಕಿಯ ತುದಿಯ ಪುಟ್ಟ ಅಂಚು, ಸಾಕು. ಅದೂ ಇಲ್ಲದಿದ್ದರೂ ನಡೆಯುತ್ತದೆ. ವೇಗದ ಹೆದ್ದಾರಿ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್ ಎರಡೂ ಇದ್ದರೆ ಬಾತುಕೋಳಿಯ ಬಾಲದಂತೆ ಮೇಲೆದ್ದ ಡಕ್‌ಟೇಲ್ ಸ್ಪಾಯ್ಲರ್ ನೋಡಿ. ಟ್ರ್ಯಾಕಿನಲ್ಲಿ ಸೆಕೆಂಡಿನ ಲೆಕ್ಕ ಇಡುವವರು, ಒಳ್ಳೆಯ ಟೈರ್ ಈಗಾಗಲೇ ಹಾಕಿಸಿರುವವರು, ಕಾರಿನ ಮುಂಭಾಗಕ್ಕೂ ಖರ್ಚು ಮಾಡಲು ತಯಾರಿರುವವರು ಮಾತ್ರ ಕಂಬಗಳ ಮೇಲೆ ನಿಲ್ಲುವ ವಿಂಗ್ ಕಡೆ ಹೋಗಿ. ತಾನೇ ಏಳುವ, ತಾನೇ ಇಳಿಯುವ ಆಕ್ಟಿವ್ ಸ್ಪಾಯ್ಲರ್ ಕಾರಿನ ಜೊತೆಗೇ ಬಂದಿದ್ದರೆ ಅದನ್ನು ಹಾಗೇ ಬಿಡಿ. ಹೊರಗಿನಿಂದ ತಂದು ಹಾಕಿಸುವ ಯೋಚನೆ ಬೇಡ.

"ಚೆನ್ನಾಗಿ ಕಾಣುತ್ತೆ, ಅದಕ್ಕೇ ಬೇಕು" ಅನ್ನುವವರ ಜೊತೆ ನನಗೆ ಜಗಳವಿಲ್ಲ. ನಿಮ್ಮ ಕಾರು, ನಿಮ್ಮ ಇಷ್ಟ. ಆದರೆ ಅಂದಕ್ಕೆ ಹಾಕಿದ್ದನ್ನು ಗ್ರಿಪ್‌ಗೆ ಹಾಕಿದ್ದು ಅಂತ ನಂಬಿಕೊಂಡು ತಿರುವಿಗೆ ಹೋಗಬೇಡಿ, ಅಷ್ಟೇ.

ಹಿಂಭಾಗದಲ್ಲಿ ಗಾಳಿ ಮಾಡುವುದೇನು

ಕಾರಿನ ಮುಂಭಾಗ ಗಾಳಿಯನ್ನು ಸೀಳುತ್ತದೆ, ಅಲ್ಲೇ ಎಲ್ಲ ಕಷ್ಟ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜವಾದ ತಲೆನೋವು ಇರುವುದು ಹಿಂದೆ. ಛಾವಣಿಯ ಮೇಲೆ ಬಂದ ಗಾಳಿ ಹಿಂದಿನ ಗಾಜಿನ ಇಳಿಜಾರಿಗೆ ಅಂಟಿಕೊಂಡು ಕೆಳಗೆ ಹರಿಯಲು ನೋಡುತ್ತದೆ. ಹಾಗೆ ಬಾಗಿ ಹರಿಯುವ ಕಡೆ ಒತ್ತಡ ಕಡಿಮೆಯಾಗುತ್ತದೆ. ಮೇಲೆ ಒತ್ತಡ ಕಡಿಮೆ, ಕೆಳಗೆ ಜಾಸ್ತಿ ಆದಾಗ ಕಾರಿನ ಹಿಂಭಾಗವನ್ನು ಯಾರೋ ಮೆಲ್ಲಗೆ ಎತ್ತಿದ ಹಾಗಾಗುತ್ತದೆ. ಇದೇ ಲಿಫ್ಟ್. ಕಾರು ಗಾಳಿಯಲ್ಲಿ ಹಾರುವಷ್ಟೇನೂ ಅಲ್ಲ, ಆದರೆ ಹಿಂದಿನ ಟೈರಿನ ಮೇಲಿನ ಭಾರ ಕಡಿಮೆಯಾಗುತ್ತದೆ, ಭಾರ ಕಡಿಮೆಯಾದ ಟೈರಿಗೆ ಗ್ರಿಪ್ಪೂ ಕಡಿಮೆ.

ಗಾಳಿ ಕೊನೆಗೆ ಎಲ್ಲೋ ಒಂದು ಕಡೆ ಕಾರಿನ ಮೈ ಬಿಟ್ಟು ಹೋಗಲೇಬೇಕು. ಬಿಟ್ಟ ಮೇಲೆ ಕಾರಿನ ಬೆನ್ನ ಹಿಂದೆ ಸುಳಿಗಳಿಂದ ತುಂಬಿದ, ಒತ್ತಡ ಕಡಿಮೆ ಇರುವ ಜಾಗವೊಂದು ಉಳಿಯುತ್ತದೆ. ಅದು ಕಾರನ್ನು ಹಿಂದಕ್ಕೆ ಎಳೆಯುತ್ತಾ ಇರುತ್ತದೆ. ಡ್ರ್ಯಾಗ್‌ನಲ್ಲಿ, ಅಂದರೆ ಗಾಳಿ ಕಾರನ್ನು ತಡೆಯುವ ಬಲದಲ್ಲಿ, ದೊಡ್ಡ ಪಾಲು ಇದರದ್ದೇ.

ಇಳಿಜಾರು ಎಷ್ಟು ಕಡಿದು ಅನ್ನುವುದರ ಮೇಲೆ ಇದೆಲ್ಲ ಎಷ್ಟು ಬದಲಾಗುತ್ತದೆ ಎಂದು ನೋಡಲು 1984ರಲ್ಲಿ ಅಹ್ಮದ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಕಾರಿನಂಥದ್ದೇ ಒಂದು ಸರಳ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಅಳೆದರು. ಹಿಂದಿನ ಇಳಿಜಾರಿನ ಕೋನ ಹೆಚ್ಚಿಸುತ್ತಾ ಹೋದಂತೆ ಡ್ರ್ಯಾಗ್ ಮೊದಲು ಸ್ವಲ್ಪ ಇಳಿದು, ಆಮೇಲೆ ಏರುತ್ತಾ ಹೋಗಿ 30 ಡಿಗ್ರಿ ಹತ್ತಿರ ತುದಿ ಮುಟ್ಟಿತು, ಅದನ್ನು ದಾಟಿದ ಕೂಡಲೇ ದಿಢೀರನೆ ಕುಸಿಯಿತು. ಆ ಕೋನದವರೆಗೂ ಗಾಳಿ ಇಳಿಜಾರಿಗೆ ಅಂಟಿಕೊಳ್ಳುತ್ತದೆ, ಎರಡು ಪಕ್ಕದಿಂದಲೂ ಬಲವಾದ ಸುಳಿಗಳು ಹುಟ್ಟಿ ಹಿಂದಕ್ಕೆ ಉದ್ದಕ್ಕೂ ಸುತ್ತುತ್ತಾ ಹೋಗುತ್ತವೆ. ಅದಕ್ಕಿಂತ ಕಡಿದಾದರೆ ಗಾಳಿ ಛಾವಣಿಯ ತುದಿಯಲ್ಲೇ ಕೈಬಿಡುತ್ತದೆ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಒಂದೇ ಸ್ಪಾಯ್ಲರ್ ಛಾವಣಿಯಿಂದ ಬಾಲದವರೆಗೆ ಒಂದೇ ಸಮ ಇಳಿಯುವ ಫಾಸ್ಟ್‌ಬ್ಯಾಕ್ ಕಾರಿನ ಮೇಲೆ ಒಂದು ಥರ, ಡಿಕ್ಕಿ ಮೆಟ್ಟಿಲಿನಂತೆ ಎದ್ದು ಕಾಣುವ ಸೆಡಾನ್ ಮೇಲೆ ಇನ್ನೊಂದು ಥರ, ಹ್ಯಾಚ್‌ಬ್ಯಾಕ್ ಮೇಲೆ ಮತ್ತೊಂದು ಥರ ಕೆಲಸ ಮಾಡುತ್ತದೆ. "ಎಲ್ಲಾ ಕಾರಿಗೂ ಹೊಂದುತ್ತದೆ" ಎಂದು ಪೆಟ್ಟಿಗೆ ಮೇಲೆ ಬರೆದಿದ್ದರೆ ಅದು ಅಳತೆಗೆ ಹೊಂದಬಹುದು, ಗಾಳಿಗೆ ಹೊಂದುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಸ್ಪಾಯ್ಲರ್ ಬೇರೆ, ವಿಂಗ್ ಬೇರೆ

ಮಾತಿನಲ್ಲಿ ಎರಡನ್ನೂ ಸ್ಪಾಯ್ಲರ್ ಅಂತಲೇ ಕರೆಯುತ್ತಾರೆ. ಕೆಲಸ ಮಾತ್ರ ಬೇರೆ.

ಸ್ಪಾಯ್ಲರ್ ಡಿಕ್ಕಿಯ ಅಂಚಿಗೆ ಅಂಟಿಕೊಂಡಿರುತ್ತದೆ, ಅದರ ಕೆಳಗೆ ಗಾಳಿ ಹೋಗುವುದಿಲ್ಲ. ಹರಿಯುವ ತೊರೆಗೆ ಕಲ್ಲು ಅಡ್ಡ ಇಟ್ಟರೆ ಕಲ್ಲಿನ ಮುಂದೆ ನೀರು ಉಬ್ಬುತ್ತದಲ್ಲ, ಹಾಗೆ ಸ್ಪಾಯ್ಲರ್ ಮುಂದೆ ಗಾಳಿ ನಿಧಾನವಾಗಿ ಒತ್ತಡ ಏರುತ್ತದೆ. ಆ ಒತ್ತಡ ಡಿಕ್ಕಿಯ ಮೇಲೆ, ಹಿಂದಿನ ಗಾಜಿನ ಕೆಳಭಾಗದ ಮೇಲೆ ಕೂರುತ್ತದೆ. ಅಂದರೆ ಒತ್ತುವ ಕೆಲಸ ಮಾಡುವುದು ಸ್ಪಾಯ್ಲರ್ ಎಂಬ ಪುಟ್ಟ ಪಟ್ಟಿ ಅಲ್ಲ, ಅದರ ಮುಂದಿರುವ ಅಷ್ಟಗಲದ ಡಿಕ್ಕಿ ಮುಚ್ಚಳ. ಸಣ್ಣ ತುಂಡೊಂದು ಇಷ್ಟು ಪರಿಣಾಮ ಬೀರುವುದು ಹೀಗೆ.

ವಿಂಗ್ ಹಾಗಲ್ಲ. ಅದು ತಲೆಕೆಳಗಾದ ವಿಮಾನದ ರೆಕ್ಕೆ. ಗಾಳಿ ಅದರ ಮೇಲೂ ಹೋಗಬೇಕು, ಕೆಳಗೂ ಹೋಗಬೇಕು. ಕೆಳಗಿನ ಗಾಳಿ ವೇಗವಾಗಿ ಹೋಗಿ ಅಲ್ಲಿ ಒತ್ತಡ ಕುಸಿದಾಗ ವಿಂಗ್ ಕೆಳಕ್ಕೆ ಎಳೆಯಲ್ಪಡುತ್ತದೆ. ಅದು ಲಿಫ್ಟನ್ನು ತಗ್ಗಿಸಿ ಅಲ್ಲಿಗೇ ನಿಲ್ಲುವುದಿಲ್ಲ, ನಿಜವಾದ ಡೌನ್‌ಫೋರ್ಸ್, ಅಂದರೆ ಕಾರನ್ನು ನೆಲಕ್ಕೆ ಒತ್ತುವ ಬಲ, ಹುಟ್ಟಿಸಬಲ್ಲದು. ಬದಲಿಗೆ ಡ್ರ್ಯಾಗ್ ಕೇಳುತ್ತದೆ. ಯಾವಾಗಲೂ ಕೇಳುತ್ತದೆ.

ಸ್ಪಾಯ್ಲರ್ ವಿಷಯದಲ್ಲಿ ಒಂದು ಮಜಾ ಇದೆ. ಸರಿಯಾದ ಎತ್ತರದ್ದಾದರೆ ಲಿಫ್ಟ್ ಜೊತೆಗೆ ಡ್ರ್ಯಾಗನ್ನೂ ಇಳಿಸುತ್ತದೆ. ಗಾಳಿ ಕೆಳಕ್ಕೆ ಬಾಗಿ ಕಾರನ್ನು ಮೇಲಕ್ಕೆತ್ತುವಾಗ ಹುಟ್ಟುವ ಸುಳಿಗಳಿಗೂ ಶಕ್ತಿ ಬೇಕು, ಅದು ನಿಮ್ಮ ಎಂಜಿನ್‌ನಿಂದಲೇ ಹೋಗುತ್ತಿರುತ್ತದೆ. ಎತ್ತುವುದು ನಿಂತರೆ ಆ ಖರ್ಚೂ ನಿಲ್ಲುತ್ತದೆ. ಆದರೆ ಎತ್ತರ ಒಂದು ಮಿತಿ ದಾಟಿತೋ, ಅದು ಗಾಳಿಗೆ ಬರೀ ಗೋಡೆ. ಡ್ರ್ಯಾಗ್ ಏರುತ್ತದೆ.

ಸ್ವಲ್ಪ ಲೆಕ್ಕ

ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದು ಉದಾಹರಣೆ ತೆಗೆದುಕೊಳ್ಳೋಣ. 1.4 ಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ವಿಂಗ್, ಅದರ ಲಿಫ್ಟ್ ಗುಣಾಂಕ (ಗಾಳಿಯಿಂದ ಎಷ್ಟು ಬಲ ಹುಟ್ಟಿಸುತ್ತದೆ ಎಂಬ ಅಳತೆ) 1 ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಕೊಡುವುದು ಸುಮಾರು 6 ಕಿಲೋ ಒತ್ತು. 100ರಲ್ಲಿ 17 ಕಿಲೋ. 200ರಲ್ಲಿ 67 ಕಿಲೋ. 250ರಲ್ಲಿ 105 ಕಿಲೋ.

1400 ಕಿಲೋ ತೂಗುವ ಕಾರಿಗೆ 17 ಕಿಲೋ ಅಂದರೆ ಎಷ್ಟು? ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಇಟ್ಟಷ್ಟು ಒತ್ತು. ಊರೊಳಗೆ 60ರಲ್ಲಿ ಓಡಾಡುವಾಗ ವಿಂಗ್‌ನಿಂದ ಕಾರು "ಕೂತುಕೊಂಡು" ಓಡುತ್ತದೆ ಅನ್ನುವವರ ಮಾತು ಕೇಳಿ ಸುಮ್ನೆ ನಕ್ಕುಬಿಡಿ. ಆದರೆ ಅದೇ ವಿಂಗ್ 200ರ ತಿರುವಿನಲ್ಲಿ ಬೇರೆಯೇ ಮಾತು. ಕಾರಿನ ತೂಕ ಒಂದು ಗ್ರಾಮೂ ಏರದೆ ಟೈರಿನ ಮೇಲೆ 67 ಕಿಲೋ ಒತ್ತು ಹೆಚ್ಚುವರಿ ಸಿಗುತ್ತದೆ. ತಿರುವಿನಲ್ಲಿ ಹೊರಕ್ಕೆ ತಳ್ಳಲು ತೂಕ ಹೆಚ್ಚಾಗಿಲ್ಲ, ಹಿಡಿದುಕೊಳ್ಳಲು ಗ್ರಿಪ್ ಮಾತ್ರ ಹೆಚ್ಚಾಗಿದೆ. ಡೌನ್‌ಫೋರ್ಸ್‌ನ ಇಡೀ ಗುಟ್ಟು ಇದೇ. ಡಿಕ್ಕಿಯಲ್ಲಿ ಮರಳು ಚೀಲ ಇಟ್ಟರೆ ಇದು ಸಿಗುವುದಿಲ್ಲ.

ಡ್ರ್ಯಾಗ್ ಕಡೆಯ ಲೆಕ್ಕ ಇನ್ನೂ ಕಟುವಾದದ್ದು, ಯಾಕಂದ್ರೆ ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸಾಧಾರಣ ಸ್ಪೋರ್ಟ್ಸ್ ಕಾರೊಂದಕ್ಕೆ 100 ಕಿ.ಮೀ. ವೇಗದಲ್ಲಿ ಗಾಳಿಯನ್ನು ತಳ್ಳಲು 12-13 ಅಶ್ವಶಕ್ತಿ ಸಾಕು ಎಂದಾದರೆ, 200ರಲ್ಲಿ ಅದೇ ಕಾರಿಗೆ ಹತ್ತಿರ ಹತ್ತಿರ 100 ಅಶ್ವಶಕ್ತಿ ಬೇಕು. ವಿಂಗ್ ಇದರ ಮೇಲೆ ಇನ್ನೊಂದಷ್ಟು ಸೇರಿಸುತ್ತದೆ. ನಿಮ್ಮ ಕಾರಿನಲ್ಲಿ 150 ಅಶ್ವಶಕ್ತಿ ಇದ್ದರೆ ನೆಟ್ಟಗಿನ ದಾರಿಯಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ, 500 ಇದ್ದರೆ ಅಷ್ಟಾಗಿ ಗೊತ್ತಾಗದು. ಕಡಿಮೆ ಶಕ್ತಿಯ ಕಾರಿಗೆ ದೊಡ್ಡ ವಿಂಗ್ ಹಾಕುವ ಮುಂಚೆ ಇದನ್ನೊಮ್ಮೆ ನೆನಪಿಸಿಕೊಳ್ಳಿ.

ಲಿಪ್ ಮತ್ತು ಡಕ್‌ಟೇಲ್

ಲಿಪ್ ಅಂದರೆ ಡಿಕ್ಕಿಯ ತುದಿಯಲ್ಲಿ ಬೆರಳಗಲದ ಅಂಚು. ಗಾಳಿ ಎಲ್ಲಿ ಮೈ ಬಿಡಬೇಕು ಎಂದು ಖಚಿತವಾಗಿ ಹೇಳುವುದೇ ಅದರ ಮುಖ್ಯ ಕೆಲಸ. ದುಂಡಗಿನ ಹಿಂಭಾಗವಿದ್ದರೆ ಗಾಳಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಿಡುತ್ತಾ ಇರುತ್ತದೆ, ಕಾರು ವೇಗದಲ್ಲಿ ಸ್ವಲ್ಪ ಅಲುಗಾಡಿದಂತೆ ಅನಿಸುತ್ತದೆ. ಚೂಪಾದ ಅಂಚು ಇದನ್ನು ನಿಲ್ಲಿಸುತ್ತದೆ. ಡ್ರ್ಯಾಗ್ ಭಯವಿಲ್ಲ, ಹಿಂದಿನ ನೋಟಕ್ಕೆ ಅಡ್ಡಿಯಿಲ್ಲ, ಡಿಕ್ಕಿ ತೆರೆಯುವುದಕ್ಕೂ ತೊಂದರೆಯಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಡಕ್‌ಟೇಲ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ನನಗೆ ಅದರ ಮೇಲೆ ಪ್ರೀತಿ ಇದೆ ಅಂತಲೇ ಇಟ್ಟುಕೊಳ್ಳಿ. 1972ರಲ್ಲಿ ಪೋರ್ಷೆ 911 ಕರೆರಾ ಆರ್‌ಎಸ್ 2.7 ಹೊರಬಂದಾಗ ಅದರ ಎಂಜಿನ್ ಮುಚ್ಚಳದ ಮೇಲೆ ಬಾತುಕೋಳಿಯ ಬಾಲದಂತೆ ಮೇಲೆದ್ದ ಒಂದು ಭಾಗ ಇತ್ತು. 911ರ ಬೆನ್ನು ಛಾವಣಿಯಿಂದ ಬಂಪರ್‌ವರೆಗೆ ಒಂದೇ ಸಮ ಇಳಿಯುತ್ತದೆ, ಗಾಳಿ ಅಲ್ಲಿ ಅಂಟಿಕೊಂಡು ಹರಿಯುತ್ತದೆ, ಹಿಂಭಾಗ ಎತ್ತುತ್ತದೆ. ಎಂಜಿನ್ ಕೂಡ ಹಿಂದೆಯೇ ಇರುವ ಕಾರಿನಲ್ಲಿ ಹಿಂದಿನ ಗ್ರಿಪ್ ಕಳೆದುಕೊಳ್ಳುವುದು ತಮಾಷೆಯಲ್ಲ. ಆ ಬಾಲ ಬಂದ ಮೇಲೆ ಹಿಂಭಾಗದ ಲಿಫ್ಟ್ ಬಹಳಷ್ಟು ಇಳಿಯಿತು, ಜೊತೆಗೆ ಕಾರಿನ ಗರಿಷ್ಠ ವೇಗ 4.5 ಕಿ.ಮೀ. ಏರಿತು. ಗ್ರಿಪ್ಪೂ ಸಿಕ್ಕಿತು, ವೇಗವೂ ಸಿಕ್ಕಿತು. ಗಾಳಿಯ ವ್ಯವಹಾರದಲ್ಲಿ ಇಂಥ ಲಾಭ ಬಹಳ ಅಪರೂಪ, ಸಾಮಾನ್ಯವಾಗಿ ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು. ಆ ಕಾರಿನ ಮುಂಭಾಗದ ಏರ್‌ಡ್ಯಾಮನ್ನೂ (ಬಂಪರ್ ಕೆಳಗೆ ಗಾಳಿ ತಡೆಯುವ ಅಂಚು) ಇದಕ್ಕೆ ಹೊಂದುವಂತೆ ಮಾಡಿದ್ದರು ಎಂಬುದನ್ನು ಮರೆಯಬೇಡಿ, ಈ ಮಾತು ಮುಂದೆ ಮತ್ತೆ ಬರುತ್ತದೆ.

ಸ್ಪಾಯ್ಲರ್ ಬರೀ ಅಲಂಕಾರ ಅನ್ನುವವರಿಗೆ ಆಡಿ ಟಿಟಿಯ ಕಥೆ ಹೇಳಬೇಕು. 1998ರಲ್ಲಿ ಬಂದ ಮೊದಲ ಟಿಟಿಯ ಹಿಂಭಾಗ ಸೋಪಿನಷ್ಟು ನುಣುಪು, ಒಂದು ಗೆರೆಯೂ ಎದ್ದು ಕಾಣದಂತಿತ್ತು. ನೋಡಲು ಬಹಳ ಸೊಗಸು. 180 ಕಿ.ಮೀ. ದಾಟಿದ ವೇಗದಲ್ಲಿ ದಿಢೀರ್ ಲೇನ್ ಬದಲಿಸಿದಾಗ, ತಿರುವಿನಲ್ಲಿ ಹೋದಾಗ ಯುರೋಪಿನಲ್ಲಿ ಅಪಘಾತಗಳಾದವು, ಜೀವಗಳೂ ಹೋದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ಬದಲಿಸಿತು, ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ಇಎಸ್‌ಪಿ ಕೊಟ್ಟಿತು, ಡಿಕ್ಕಿಯ ಮೇಲೆ ಚಿಕ್ಕದೊಂದು ಸ್ಪಾಯ್ಲರ್ ಕೂರಿಸಿತು. ಅದನ್ನು ಈಗ ನೋಡಿದರೆ ಎಷ್ಟು ಸಣ್ಣದು ಎಂದು ಆಶ್ಚರ್ಯವಾಗುತ್ತದೆ.

ಹಾಗಾಗಿ ಫಾಸ್ಟ್‌ಬ್ಯಾಕ್ ಅಥವಾ ದುಂಡು ಬೆನ್ನಿನ ಕೂಪೆ ನಿಮ್ಮದಾಗಿದ್ದರೆ ಡಕ್‌ಟೇಲ್‌ಗೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ. ಕಡಿದಾದ ಹಿಂಗಾಜು, ಪುಟ್ಟ ಡಿಕ್ಕಿ ಇರುವ ಸೆಡಾನಿನಲ್ಲಿ ಗಾಳಿ ಡಿಕ್ಕಿ ಮುಟ್ಟುವ ಮೊದಲೇ ಮೈ ಬಿಟ್ಟಿದ್ದರೆ ಸ್ಪಾಯ್ಲರ್‌ಗೆ ಕೆಲಸವೇ ಇರುವುದಿಲ್ಲ. ಇದನ್ನು ಮನೆಯಲ್ಲೇ ಪತ್ತೆ ಮಾಡುವ ದಾರಿ ಕೊನೆಯಲ್ಲಿ ಹೇಳುತ್ತೇನೆ.

ವಿಂಗ್: ಶಕ್ತಿಯೂ ಜಾಸ್ತಿ, ಕಾಟವೂ ಜಾಸ್ತಿ

1966ರಲ್ಲಿ ಅಮೆರಿಕದ ಜಿಮ್ ಹಾಲ್ ತಮ್ಮ ಚಾಪರಲ್ 2ಇ ರೇಸ್ ಕಾರಿಗೆ ಎತ್ತರದ ಕಂಬಗಳ ಮೇಲೆ ವಿಂಗ್ ನಿಲ್ಲಿಸಿದರು. ಕಂಬಗಳು ನೇರವಾಗಿ ಹಿಂದಿನ ಚಕ್ರಗಳ ಜೋಡಣೆಗೇ ಸೇರಿದ್ದವು. ಹಾಗಾಗಿ ಒತ್ತು ಸ್ಪ್ರಿಂಗನ್ನು ಅದುಮದೆ ಸೀದಾ ಟೈರಿಗೆ ಹೋಗುತ್ತಿತ್ತು. ನೆಟ್ಟಗಿನ ದಾರಿಯಲ್ಲಿ ಚಾಲಕ ಎಡಗಾಲಿನ ಪೆಡಲ್‌ನಿಂದ ವಿಂಗನ್ನು ಮಟ್ಟಸ ಮಾಡಿ ಡ್ರ್ಯಾಗ್ ಇಳಿಸಬಹುದಿತ್ತು. ಇವತ್ತು ನೋಡಿದರೂ ತಲೆದೂಗಬೇಕಾದ ಕೆಲಸ. ಫಾರ್ಮುಲಾ 1 ಡಿಆರ್‌ಎಸ್ (ಡ್ರ್ಯಾಗ್ ಇಳಿಸುವ ವ್ಯವಸ್ಥೆ) ಎಂದು ಇದೇ ಯೋಚನೆಯನ್ನು ತಂದದ್ದು 2011ರಲ್ಲಿ.

ನಡುವೆ ಒಂದು ಕೆಟ್ಟ ಪಾಠವೂ ಆಯಿತು. ಎಲ್ಲರೂ ಎತ್ತರದ ಕಂಬದ ಮೇಲೆ ವಿಂಗ್ ಹಾಕತೊಡಗಿದರು. 1969ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಲ್ಲಿ ಗ್ರಹಾಂ ಹಿಲ್ ಮತ್ತು ಯೋಖನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ವಿಂಗೂ ಮುರಿದು ದೊಡ್ಡ ಅಪಘಾತಗಳಾದವು. ಮುಂದಿನ ಮೊನಾಕೊ ರೇಸಿನ ಹೊತ್ತಿಗೇ ಎತ್ತರದ ವಿಂಗ್‌ಗಳನ್ನು ನಿಷೇಧಿಸಿದರು. ವಿಂಗ್ ಕೆಲಸ ಮಾಡದಿದ್ದರೆ ಅಪಾಯವಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಿರುವಾಗ ತಿರುವಿನ ಮಧ್ಯದಲ್ಲಿ ಮುರಿದರೆ ಮಾತ್ರ ದೊಡ್ಡ ಅಪಾಯ.

ಅದಕ್ಕೇ ವಿಂಗ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದು ಎಲ್ಲಿ ಕೂರುತ್ತದೆ ಎನ್ನುವುದು. ಡಿಕ್ಕಿ ಮುಚ್ಚಳ ತೆಳು ತಗಡು. ಅದರ ಮೇಲೆ ನೂರು ಕಿಲೋ ಒತ್ತು ನಾಲ್ಕು ಸ್ಕ್ರೂಗಳ ಮೂಲಕ ಬಂದರೆ ತಗಡು ಬಗ್ಗುತ್ತದೆ. ಬಗ್ಗಿದಾಗ ವಿಂಗ್‌ನ ಕೋನವೂ ಬದಲಾಗುತ್ತದೆ. ಒಳಗಿನಿಂದ ಅಗಲವಾದ ಪ್ಲೇಟ್ ಕೊಟ್ಟು ಬಿಗಿಯಬೇಕು. ಇನ್ನೂ ಒಳ್ಳೆಯದೆಂದರೆ ಬಂಪರ್ ಹಿಂದಿನ ಚಾಸಿಗೆ ನೇರವಾಗಿ ಸೇರುವ ಬ್ರ್ಯಾಕೆಟ್. ಡಬಲ್ ಟೇಪಿನಿಂದ ಅಂಟಿಸುವ ವಿಂಗ್ ಬಗ್ಗೆ ಮಾತೇ ಬೇಡ.

ಎರಡನೆಯದು ಎತ್ತರ. ಛಾವಣಿಯ ನೆರಳಲ್ಲಿ, ಸುಳಿಗಳ ಮಧ್ಯೆ ಕೂತ ವಿಂಗ್‌ಗೆ ಒಳ್ಳೆ ಗಾಳಿಯೇ ಸಿಗುವುದಿಲ್ಲ. ಕಾರಿನ ಜೊತೆ ಅಂದಕ್ಕೆ ಬರುವ ಬಹಳಷ್ಟು ಕುಳ್ಳ ವಿಂಗ್‌ಗಳ ಕಥೆ ಇದೇ. 1969ರ ಡಾಡ್ಜ್ ಚಾರ್ಜರ್ ಡೇಟೋನಾದ ಆ ಎತ್ತರದ ವಿಂಗ್ ನೋಡಿದವರು ನಗುತ್ತಾರೆ, ಆದರೆ 1970ರ ಮಾರ್ಚ್‌ನಲ್ಲಿ ಟಾಲಡೇಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಗಂಟೆಗೆ 200 ಮೈಲಿ ದಾಟಿದ್ದು ಅದೇ ಕಾರಿನಲ್ಲಿ. ಈಗಿನ ಪೋರ್ಷೆ 911 ಜಿಟಿ3 ಆರ್‌ಎಸ್‌ನಲ್ಲಿ ವಿಂಗ್‌ನ ಮೇಲಂಚು ಛಾವಣಿಗಿಂತಲೂ ಮೇಲಿದೆ. 2022ರಲ್ಲಿ ಬಂದ ಆ ಕಾರು 200 ಕಿ.ಮೀ. ವೇಗದಲ್ಲಿ 409 ಕಿಲೋ, 285ರಲ್ಲಿ 860 ಕಿಲೋ ಡೌನ್‌ಫೋರ್ಸ್ ಕೊಡುತ್ತದೆ ಎಂದು ಪೋರ್ಷೆ ಹೇಳುತ್ತದೆ. ಅದರ ಡ್ರ್ಯಾಗ್ ಗುಣಾಂಕ 0.39. ಇವತ್ತಿನ ಕಾರಿಗೆ ಇದು ಜಾಸ್ತಿಯೇ. ಬೆಲೆ ಕೊಟ್ಟೇ ಕೊಂಡ ಡೌನ್‌ಫೋರ್ಸ್ ಅದು. ಅಷ್ಟೂ ಕಿಲೋ ವಿಂಗ್ ಒಂದರಿಂದಲೇ ಬಂದದ್ದೂ ಅಲ್ಲ, ಇಡೀ ಕಾರಿನ ಲೆಕ್ಕ.

ವಿಂಗನ್ನು ಹಿಡಿದಿರುವ ಕಂಬ ಕೆಳಗಿನಿಂದ ಬರುತ್ತದೋ ಮೇಲಿನಿಂದ ಬರುತ್ತದೋ ಅನ್ನುವುದೂ ಬರೀ ಅಂದದ ವಿಷಯವಲ್ಲ. ವಿಂಗ್‌ನಲ್ಲಿ ಹೆಚ್ಚು ದುಡಿಯುವುದು ಅದರ ಕೆಳಮೈ. ಕಂಬ ಅಲ್ಲೇ ಬಂದು ಸೇರಿದರೆ ಆ ಹರಿವು ಕೆಡುತ್ತದೆ. ಹಂಸದ ಕತ್ತಿನಂತೆ ಮೇಲಿನಿಂದ ಬಾಗಿ ಬಂದು ಹಿಡಿಯುವ ಸ್ವಾನ್‌ನೆಕ್ ಕಂಬ ಕೆಳಮೈಯನ್ನು ಖಾಲಿ ಬಿಡುತ್ತದೆ. ರೇಸ್ ಕಾರುಗಳಲ್ಲಿದ್ದ ಇದು 2021ರ 911 ಜಿಟಿ3ಯಿಂದ ಪೋರ್ಷೆಯ ರಸ್ತೆ ಕಾರಿಗೂ ಬಂತು. ಎರಡು ವಿಂಗ್‌ಗಳ ನಡುವೆ ಬೆಲೆ ಹತ್ತಿರ ಹತ್ತಿರ ಇದ್ದರೆ ಸ್ವಾನ್‌ನೆಕ್ ತೆಗೆದುಕೊಳ್ಳಿ. ಆದರೆ ಅಡ್ಡ ಕೊಯ್ದು ನೋಡಿದರೆ ಬರೀ ಚಪ್ಪಟೆ ಹಲಗೆಯಂತಿರುವ ವಿಂಗ್‌ಗೆ ಸ್ವಾನ್‌ನೆಕ್ ಹಾಕಿದರೂ ಅದು ಹಲಗೆಯೇ.

ಕೋನದ ವಿಷಯಕ್ಕೆ ಬರೋಣ. ಜಾಸ್ತಿ ಓರೆ ಮಾಡಿದಷ್ಟೂ ಜಾಸ್ತಿ ಒತ್ತು ಸಿಗುತ್ತದೆ ಎಂಬುದು ಒಂದು ಮಟ್ಟದವರೆಗೆ ನಿಜ. ಅದನ್ನು ದಾಟಿದರೆ ಕೆಳಮೈಯ ಗಾಳಿ ಕೈಬಿಟ್ಟು ವಿಂಗ್ ಸ್ಟಾಲ್ ಆಗುತ್ತದೆ, ಡೌನ್‌ಫೋರ್ಸ್ ಬೀಳುತ್ತದೆ, ಡ್ರ್ಯಾಗ್ ಮಾತ್ರ ಏರುತ್ತದೆ. ಛಾವಣಿ ದಾಟಿ ಬರುವ ಗಾಳಿ ಸಮತಟ್ಟಾಗಿ ಬರುವುದಿಲ್ಲ, ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಹಾಗಾಗಿ ನೆಲಕ್ಕೆ ಅಳೆದ ಕೋನ ಬೇರೆ, ಗಾಳಿಗೆ ಕಾಣುವ ಕೋನ ಬೇರೆ. ಅದರಲ್ಲೂ ವಿಂಗ್‌ನ ನಡುಭಾಗಕ್ಕೆ ಒಂದು ಥರ ಗಾಳಿ, ಎರಡೂ ತುದಿಗೆ ಇನ್ನೊಂದು ಥರ. ನಡುವೆ ಒಂದು ಕೋನ, ತುದಿಯಲ್ಲಿ ಇನ್ನೊಂದು ಕೋನ ಇರುವಂತೆ ತಿರುಚಿದ ವಿಂಗ್‌ಗಳು ಬಂದಿರುವುದು ಇದಕ್ಕೇ.

ಹೆಚ್ಚಿನ ಡೌನ್‌ಫೋರ್ಸ್ ಬೇಕೆಂದಾಗ ಓರೆ ಮಾಡುವ ಬದಲು ಗರ್ನಿ ಫ್ಲ್ಯಾಪ್ ಪ್ರಯತ್ನಿಸಬಹುದು. ವಿಂಗ್‌ನ ಹಿಂದಿನ ಅಂಚಿನಲ್ಲಿ ಲಂಬವಾಗಿ ನಿಲ್ಲುವ ಪುಟ್ಟ ಪಟ್ಟಿ, ವಿಂಗ್ ಉದ್ದದ ನೂರಕ್ಕೆ ಒಂದೆರಡು ಪಾಲು ಎತ್ತರವಿದ್ದರೆ ಸಾಕು. 1971ರಲ್ಲಿ ಅಮೆರಿಕದ ರೇಸರ್ ಡ್ಯಾನ್ ಗರ್ನಿ ತಮ್ಮ ತಂಡದ ಕಾರಿಗೆ ಇದನ್ನು ಹಾಕಿಸಿದರು, ಬಾಬಿ ಅನ್ಸರ್ ಓಡಿಸಿ ನೋಡಿದರು. ಅಂಚಿನ ಹಿಂದೆ ಎರಡು ಪುಟ್ಟ ಸುಳಿಗಳು ಹುಟ್ಟಿ ಕೆಳಮೈಯ ಗಾಳಿ ಇನ್ನಷ್ಟು ಹೊತ್ತು ಅಂಟಿಕೊಂಡಿರುವಂತೆ ಮಾಡುತ್ತವೆ. ಇಡೀ ವಿಂಗ್ ವ್ಯವಹಾರದಲ್ಲಿ ಅತ್ಯಂತ ಅಗ್ಗದ ಸುಧಾರಣೆ ಇದು.

ಮುಂಭಾಗವನ್ನು ಮರೆತವರ ಕಥೆ

ವಿಂಗ್ ಹಾಕಿಸಿದ ಮೇಲೆ ಕಾರು ತಿರುಗುತ್ತಲೇ ಇಲ್ಲ, ನೆಟ್ಟಗೆ ಹೊರಗೆ ಹೋಗುತ್ತದೆ ಎಂದು ಗೋಳಾಡುವವರು ಬಹಳ. ಕಾರಣ ಸರಳ. ವಿಂಗ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರುತ್ತದೆ. ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.5 ಮೀಟರ್, ವಿಂಗ್ ಹಿಂದಿನ ಆಕ್ಸಲ್‌ನಿಂದ 80 ಸೆಂಟಿಮೀಟರ್ ಹಿಂದೆ ಇದೆ, ಅದು 100 ಕಿಲೋ ಒತ್ತುತ್ತಿದೆ ಎಂದುಕೊಳ್ಳಿ. ಹಿಂದಿನ ಟೈರುಗಳಿಗೆ 132 ಕಿಲೋ ಸಿಗುತ್ತದೆ, ಮುಂದಿನ ಟೈರುಗಳು 32 ಕಿಲೋ ಕಳೆದುಕೊಳ್ಳುತ್ತವೆ. ವಿಂಗ್ ಹಿಂದಿನ ಆಕ್ಸಲನ್ನು ಆಧಾರ ಮಾಡಿಕೊಂಡು ಮುಂಭಾಗವನ್ನು ಮೀಟಿ ಎತ್ತುತ್ತಿದೆ. ಎತ್ತರದಲ್ಲಿ ಹಿಂದಕ್ಕೆ ಎಳೆಯುವ ವಿಂಗ್‌ನ ಡ್ರ್ಯಾಗ್ ಕೂಡ ಇದಕ್ಕೆ ಕೈ ಜೋಡಿಸುತ್ತದೆ.

ಹಾಗಾಗಿ ವಿಂಗ್ ಬೆಲೆ ಅಂದರೆ ವಿಂಗ್ ಒಂದರ ಬೆಲೆಯಲ್ಲ. ಅದರ ಜೊತೆಗೆ ಮುಂದೆ ಸ್ಪ್ಲಿಟರ್, ಅಂದರೆ ಬಂಪರ್ ಕೆಳಗೆ ಮುಂದಕ್ಕೆ ಚಾಚಿದ ಹಲಗೆ, ಬೇಕು. ಅದನ್ನೂ ಭಾರ ತಡೆಯುವಂತೆ ಕೂರಿಸಬೇಕು, ಸಸ್ಪೆನ್ಷನ್ ಸ್ವಲ್ಪ ಬಿಗಿ ಮಾಡಬೇಕು. ಇಷ್ಟು ಬೇಡ ಅನಿಸಿದರೆ ಡಕ್‌ಟೇಲ್‌ನಲ್ಲೇ ನಿಂತುಬಿಡಿ. ಅದರ ಬಲ ಅಷ್ಟು ದೊಡ್ಡದಲ್ಲ, ಸಮತೋಲನವೂ ಅಷ್ಟು ಕೆಡುವುದಿಲ್ಲ.

"ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದೆ ವಿಂಗ್ ಯಾಕೆ?" ಎಂಬ ಲೇವಡಿ ಪೂರ್ತಿ ಸರಿಯಲ್ಲ. ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರವಾಗುತ್ತದೆ, ಆಗ ಹಿಂದೆ ಸ್ವಲ್ಪ ಒತ್ತು ಇದ್ದರೆ ಕಾರು ಬಾಲ ಬೀಸುವುದಿಲ್ಲ. ಆದರೆ ಇಂಥ ಕಾರುಗಳಲ್ಲಿ ಮುಂದಿನ ಟೈರುಗಳೇ ಎಳೆಯಬೇಕು, ತಿರುಗಿಸಲೂ ಬೇಕು. ಅವುಗಳಿಂದ ಭಾರ ಕದಿಯುವ ಮೊದಲು ಎರಡು ಸಲ ಯೋಚಿಸಿ.

ಆಕ್ಟಿವ್ ಸ್ಪಾಯ್ಲರ್

ಬೇಕಾದಾಗ ಏಳುವುದು, ಬೇಡವಾದಾಗ ಮಲಗುವುದು. 1989ರ ಹೊತ್ತಿಗೆ ಬಂದ 964 ಪೀಳಿಗೆಯ 911ರಲ್ಲಿ 80 ಕಿ.ಮೀ. ವೇಗ ದಾಟಿದಾಗ ಸ್ಪಾಯ್ಲರ್ ತಾನಾಗೇ ಏಳುತ್ತಿತ್ತು. ಬುಗಾಟಿ ವೇರಾನ್‌ನಲ್ಲಿ ಇದು ಇನ್ನೂ ಮುಂದೆ ಹೋಯಿತು. ವಿಂಗ್ ಎದ್ದಿರುವಾಗ ವೇಗದ ಮಿತಿ 375 ಕಿ.ಮೀ. 407 ಮುಟ್ಟಬೇಕಾದರೆ ಬೇರೆ ಕೀಲಿ ಹಾಕಿ ವಿಂಗನ್ನು ಒಳಗೆ ಎಳೆದುಕೊಳ್ಳಬೇಕು. ಜೋರಾಗಿ ಬ್ರೇಕ್ ಒತ್ತಿದರೆ ಅದೇ ವಿಂಗ್ ನೆಟ್ಟಗೆ ನಿಂತು ಗಾಳಿಯ ಬ್ರೇಕ್ ಆಗುತ್ತದೆ. ಈ ಉಪಾಯ ಹೊಸದಲ್ಲ, 1955ರ ಲೆ ಮಾನ್ ರೇಸಿನಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಬೆನ್ನ ಮೇಲೆ ಹೀಗೇ ಏಳುವ ದೊಡ್ಡ ಫ್ಲ್ಯಾಪ್ ಇತ್ತು. ಮ್ಯಾಕ್ಲಾರೆನ್ ಪಿ1 ವಿಂಗ್ ರಸ್ತೆಯಲ್ಲಿ 120 ಮಿ.ಮೀ., ರೇಸ್ ಮೋಡಿನಲ್ಲಿ 300 ಮಿ.ಮೀ. ಏಳುತ್ತದೆ. 2017ರ ಲಂಬೋರ್ಗಿನಿ ಹುರಾಕಾನ್ ಪರ್ಫಾರ್ಮಾಂಟೆ ವಿಂಗನ್ನು ಅಲುಗಿಸದೆಯೇ ಕೆಲಸ ಮುಗಿಸುತ್ತದೆ. ಟೊಳ್ಳಾದ ಕಂಬಗಳ ಒಳಗಿಂದ ವಿಂಗ್‌ನ ಕೆಳಮೈಗೆ ಗಾಳಿ ಬಿಟ್ಟು, ಬೇಕೆಂದಾಗ ಅದನ್ನು ಸ್ಟಾಲ್ ಮಾಡಿ ಡ್ರ್ಯಾಗ್ ಇಳಿಸುತ್ತದೆ. ನನಗೆ ಇದು ಉಳಿದವುಗಳಿಗಿಂತ ಜಾಣತನದ್ದು ಅನಿಸುತ್ತದೆ.

ತೊಂದರೆ ಎಲ್ಲಿದೆ ಅಂದರೆ ಮೋಟಾರ್, ಸೆನ್ಸರ್, ತೂಕ, ರಿಪೇರಿ. ಕಾರಿನ ಕಂಪ್ಯೂಟರ್‌ಗೆ ವೇಗ, ಬ್ರೇಕ್, ಸ್ಟೀರಿಂಗ್ ಎಲ್ಲ ಗೊತ್ತಿದ್ದರೆ ಮಾತ್ರ ಇದಕ್ಕೆ ಅರ್ಥ. ಸ್ವಿಚ್ ಒತ್ತಿದರೆ ಏಳುವ ಹೊರಗಿನ ಕಿಟ್‌ಗಳಲ್ಲಿ ಏಳುವುದೊಂದೇ ಕೆಲಸ.

ಹೊಸ ಕಾರು ಕೊಳ್ಳುವಾಗಲೇ ಈ ಆಯ್ಕೆ ಎದುರಾದರೆ 911 ಜಿಟಿ3 ಒಳ್ಳೆಯ ಉದಾಹರಣೆ. ಅದೇ ಎಂಜಿನ್, ಅದೇ ಕಾರು, ದೊಡ್ಡ ವಿಂಗ್ ಜೊತೆಗೂ ಸಿಗುತ್ತದೆ, ಟೂರಿಂಗ್ ಎಂಬ ಹೆಸರಲ್ಲಿ ಏಳುವ ಸ್ಪಾಯ್ಲರ್ ಜೊತೆಗೂ ಸಿಗುತ್ತದೆ. ವರ್ಷದಲ್ಲಿ ಬಹುಪಾಲು ರಸ್ತೆಯಲ್ಲೇ ಓಡಿಸುವವರು ಟೂರಿಂಗ್ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಹಟ.

ಉಳಿದ ಚಿಲ್ಲರೆ ಆಯ್ಕೆಗಳು

ಹ್ಯಾಚ್‌ಬ್ಯಾಕ್ ಇದ್ದರೆ ಛಾವಣಿಯ ತುದಿಯ ರೂಫ್ ಸ್ಪಾಯ್ಲರ್ ಬಿಟ್ಟು ಬೇರೇನೂ ಯೋಚಿಸಬೇಕಿಲ್ಲ. ಛಾವಣಿಯನ್ನು ಸ್ವಲ್ಪ ಉದ್ದ ಮಾಡಿ ಗಾಳಿ ನೇರವಾಗಿ ಬಿಡುವಂತೆ ಮಾಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಕಂಪನಿಯವರೇ ಅಳೆದು ಕೂರಿಸಿರುತ್ತಾರೆ, ಅದರ ಮೇಲೆ ಇನ್ನೊಂದು ಅಂಟಿಸಬೇಡಿ.

ಛಾವಣಿಯ ಮೇಲೆ ಶಾರ್ಕ್ ರೆಕ್ಕೆಗಳಂತೆ ಸಾಲಾಗಿ ನಿಲ್ಲುವ ವೋರ್ಟೆಕ್ಸ್ ಜನರೇಟರ್‌ಗಳು ಸುಳ್ಳೇನಲ್ಲ. ಮಿತ್ಸುಬಿಷಿ ಎಂಜಿನಿಯರ್‌ಗಳು ಲ್ಯಾನ್ಸರ್ ಇವೊಲ್ಯೂಷನ್ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಡ್ರ್ಯಾಗ್, ಲಿಫ್ಟ್ ಎರಡೂ ಗುಣಾಂಕ 0.006ರಷ್ಟು ಇಳಿದಿದ್ದವು. ಗಾಳಿ ಹಿಂಗಾಜಿಗೆ ಇನ್ನಷ್ಟು ಅಂಟಿಕೊಂಡು ವಿಂಗ್‌ಗೆ ಒಳ್ಳೆಯ ಹರಿವು ಸಿಗುವುದೂ ಇದರಲ್ಲಿ ಸೇರಿತ್ತು. ಆ ಸಂಖ್ಯೆ ಎಷ್ಟು ಸಣ್ಣದು ನೋಡಿ. ಅದೂ ಎತ್ತರ, ಜಾಗ ಎಲ್ಲ ಅಳೆದು ಇಟ್ಟಾಗ. ಕಣ್ಣಂದಾಜಿನಲ್ಲಿ ಅಂಟಿಸಿದರೆ ತೊಳೆಯುವಾಗ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಹಿಂಬದಿಯ ಅಡಿಯಲ್ಲಿ ಮೇಲಕ್ಕೆ ಓರೆಯಾಗುವ ಡಿಫ್ಯೂಸರ್ ಬೇರೆಯದೇ ದಾರಿ. ಕಾರಿನ ಅಡಿಯ ಗಾಳಿಯಿಂದ ಡೌನ್‌ಫೋರ್ಸ್ ಪಡೆಯುತ್ತದೆ, ಡ್ರ್ಯಾಗ್ ಬಹಳ ಕಡಿಮೆ. ಆದರೆ ಅಡಿಭಾಗ ಪೂರ್ತಿ ಸಮತಟ್ಟಾಗಿರಬೇಕು. ಬಂಪರ್ ಕೆಳಗೆ ನಾಲ್ಕು ಕಪ್ಪು ಪ್ಲಾಸ್ಟಿಕ್ ಪಟ್ಟಿ ತೂಗಿಬಿಟ್ಟರೆ ಡಿಫ್ಯೂಸರ್ ಆಗುವುದಿಲ್ಲ.

ಕೊಳ್ಳುವ ಮೊದಲು, ಕೊಂಡ ಮೇಲೆ

ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಕಾರಿನ ಅಗಲ ಮೀರಿ ಚಾಚಿದ, ಚೂಪಾದ ಅಂಚಿನ ವಿಂಗ್‌ಗಳಿಗೆ ಹಲವು ಕಡೆ ಅನುಮತಿ ಇಲ್ಲ. 1973ರಲ್ಲಿ ಬಿಎಂಡಬ್ಲ್ಯು 3.0 ಸಿಎಸ್‌ಎಲ್ ಕಾರಿನ ಹಿಂದಿನ ವಿಂಗ್ ಜರ್ಮನಿಯ ರಸ್ತೆಯಲ್ಲಿ ಕಾನೂನುಬಾಹಿರವಾಗಿದ್ದರಿಂದ ಅದನ್ನು ಬಿಚ್ಚಿ ಡಿಕ್ಕಿಯೊಳಗಿಟ್ಟು ಮಾರುತ್ತಿದ್ದರು. ಅಷ್ಟು ದೊಡ್ಡ ಕಂಪನಿಗೇ ಬಿಡಲಿಲ್ಲ. ವಿಮೆಯವರಿಗೂ ಒಂದು ಮಾತು ತಿಳಿಸಿಡುವುದು ಒಳ್ಳೆಯದು.

ಇನ್ನು ಆಗ ಹೇಳಿದ ಮನೆ ಪರೀಕ್ಷೆ. ಉಣ್ಣೆಯ ದಾರವನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಒಂದು ತುದಿಗೆ ಟೇಪ್ ಹಾಕಿ ಹಿಂದಿನ ಗಾಜು, ಡಿಕ್ಕಿಯ ಮೇಲೆಲ್ಲ ಸಾಲಾಗಿ ಅಂಟಿಸಿ. ಪಕ್ಕದ ಲೇನಿನ ಕಾರಿನಿಂದ ಸ್ನೇಹಿತರೊಬ್ಬರು ವಿಡಿಯೊ ತೆಗೆಯಲಿ. ಓಡಿಸುವವರಲ್ಲ, ಪಕ್ಕದಲ್ಲಿ ಕೂತವರು. ದಾರಗಳು ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಗಾಳಿ ಅಲ್ಲಿ ಅಂಟಿಕೊಂಡಿದೆ, ಸ್ಪಾಯ್ಲರ್ ಹಾಕಿದರೆ ಫಲ ಸಿಗುತ್ತದೆ. ದಿಕ್ಕೆಟ್ಟು ಕುಣಿಯುತ್ತಿದ್ದರೆ, ಮುಂದಕ್ಕೆ ತಿರುಗಿ ನಿಂತಿದ್ದರೆ ಗಾಳಿ ಆಗಲೇ ಕೈಬಿಟ್ಟಿದೆ, ಲಿಪ್‌ಗೆ ಅಲ್ಲಿ ಕೆಲಸವಿಲ್ಲ. ವಿಂಗ್ ಇದ್ದರೆ ಅದರ ಕೆಳಮೈಗೂ ದಾರ ಅಂಟಿಸಿ, ಸ್ಟಾಲ್ ಆಗಿದೆಯೇ ಎಂದು ಕಣ್ಣಾರೆ ಕಾಣುತ್ತದೆ.

ವಿಂಗ್ ಹಾಕಿ ಟ್ರ್ಯಾಕಿಗೆ ಹೋದ ಮೊದಲ ದಿನ ಅದನ್ನು ಬಹುತೇಕ ಮಟ್ಟಸವಾಗಿಟ್ಟು ಶುರು ಮಾಡಿ. ಉದ್ದನೆಯ ವೇಗದ ತಿರುವೊಂದನ್ನು ಆರಿಸಿಕೊಂಡು, ಅದೇ ವೇಗ, ಅದೇ ಗೆರೆಯಲ್ಲಿ ಹೋಗಿ, ಪ್ರತಿ ಸಲ ಒಂದೆರಡು ಡಿಗ್ರಿ ಮಾತ್ರ ಏರಿಸಿ. ಹಿಂಭಾಗ ನೆಮ್ಮದಿಯಾಗಿ ಕೂತು ಮುಂಭಾಗ ಹೊರಗೆ ಜಾರಲು ಶುರುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಪ್ರತಿ ಓಟದ ನಂತರ ಬೋಲ್ಟ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಮಟ್ಟಸವಾಗಿಟ್ಟಾಗಲೂ ಪೂರ್ತಿ ಓರೆ ಮಾಡಿದಾಗಲೂ ಕಾರಿನ ನಡೆಯಲ್ಲಿ ನಿಮಗೆ ವ್ಯತ್ಯಾಸವೇ ಗೊತ್ತಾಗದಿದ್ದರೆ, ಆ ಟ್ರ್ಯಾಕಿನ ವೇಗ ನಿಮ್ಮ ವಿಂಗ್‌ಗೆ ಸಾಲದು. ಬಿಚ್ಚಿ ಮಾರಿ, ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.